ಬಾಸ್ಟನ್ ಸುತ್ತಮುತ್ತ ಜನಪದ ಕಾಫಿಹೌಸ್‌ಗಳು: ಏಕತಾರಿ ಹಿಡಿದು ಜ್ಯಾಮ್‌ಗೆ ಹೋಗಬಹುದಾ?

ಏಕತಾರಿ_ಗದಗ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ಗೆ ಬಂದಿದ್ದೇನೆ. ಹಾರ್ವರ್ಡ್ ಸ್ಕ್ವೇರ್ ಹತ್ತಿರ ಕ್ಲಬ್ ಪ್ಯಾಸಿಮ್ ಅಂತ ಒಂದು ಜನಪದ ಸಂಗೀತದ ಜಾಗ ಇದೆ. ಅಲ್ಲಿನ ಕಾರ್ಯಕ್ರಮಗಳ ಪಟ್ಟಿ ನೋಡಿದರೆ ಓಪನ್ ಮೈಕ್, ಜ್ಯಾಮ್, ಸಾಂಗ್ ಸರ್ಕಲ್, ಸೆಷನ್ ಅಂತೆಲ್ಲ ಬರೆದಿರುತ್ತಾರೆ. ಯಾವುದಕ್ಕೆ ಸುಮ್ನೆ ಹೋಗಿ ಕೂತು ಕೇಳಬೇಕು, ಯಾವುದರಲ್ಲಿ ನಾವೂ ಹಾಡಬಹುದು ಅನ್ನೋದೇ ಗೊತ್ತಾಗುತ್ತಿಲ್ಲ.

ನಾನು ತತ್ವಪದ ಹಾಡುತ್ತೇನೆ. ಊರಲ್ಲಿ ಅಮಾವಾಸ್ಯೆ ಭಜನೆಗೆ ಮಠದಲ್ಲಿ ಕೂತು ಕಲಿತದ್ದು, ಕ್ಲಾಸಿಗೆ ಹೋಗಿ ಕಲಿತದ್ದಲ್ಲ. ಏಕತಾರಿ, ದಮ್ಮಡಿ ಎರಡೂ ಜೊತೆಗೆ ತಂದಿದ್ದೇನೆ. ಇಲ್ಲಿನವರು ಗಿಟಾರ್, ಬ್ಯಾಂಜೊ, ಪಿಟೀಲು ಹಿಡಿದು ಕೂತಿರುವಾಗ ನಡುವೆ ಒಂದು ಕನ್ನಡ ಪದ ಹಚ್ಚಿದರೆ ಅವರಿಗೆ ತೊಂದರೆ ಆಗುತ್ತಾ? ಭಾಷೆ ಬೇರೆ, ತಾಳ ಬೇರೆ. ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ. ಒಬ್ಬನೇ ಮನೆಯಲ್ಲಿ ಹಾಡಿಕೊಂಡರೆ ತತ್ವಪದಕ್ಕೆ ಜೀವ ಬರುವುದಿಲ್ಲ. ಹಿಂದೆ ಎತ್ತಿಕೊಳ್ಳುವ ದನಿ ಬೇಕು.

ಡೇವಿಸ್_ಸ್ಕ್ವೇರ್_ಮೈಸೂರಿಗ

ಖಂಡಿತ ಹೋಗಿ. ಆದರೆ ಇವೆಲ್ಲ ಬೇರೆ ಬೇರೆ ಕೂಟಗಳು, ಒಂದೊಂದರ ನಡಾವಳಿ ಒಂದೊಂದು ಥರ.

ಮೊದಲು ಪ್ಯಾಸಿಮ್. 1958ರಲ್ಲಿ ಮೌಂಟ್ ಆಬರ್ನ್ ಬೀದಿಯ 47ನೇ ನಂಬರಿನಲ್ಲಿ ಕ್ಲಬ್ 47 ಅಂತ ಶುರುವಾಯಿತು, ಮೊದಮೊದಲು ಜ್ಯಾಝ್‌ಗೆಂದೇ. ಹೆಸರಾಂತ ಜನಪದ ಗಾಯಕಿ ಜೋನ್ ಬಾಯೆಜ್ ಹದಿಹರೆಯದಲ್ಲಿ ಹಾಡೋಕೆ ಶುರು ಮಾಡಿದ್ದು ಅಲ್ಲೇ. ಆಮೇಲೆ ಡಾಕ್ ವಾಟ್ಸನ್, ಮಿಸಿಸಿಪ್ಪಿ ಜಾನ್ ಹರ್ಟ್ ಥರದವರು ಅಮೆರಿಕದ ದಕ್ಷಿಣದಿಂದ ಬಂದು ಅಲ್ಲಿ ಹಾಡಿದರು. ಈಗಿರುವುದು ಪಾಮರ್ ಬೀದಿಯಲ್ಲಿ, ಮೆಟ್ಟಿಲಿಳಿದು ಹೋಗುವ ಚಿಕ್ಕ ನೆಲಮಾಳಿಗೆ. ಲಾಭಕ್ಕೆ ನಡೆಸುವ ಸಂಸ್ಥೆ ಅಲ್ಲ. ಹಾಡು ನಡೆಯುವಾಗ ಅಲ್ಲಿ ಯಾರೂ ಮಾತಾಡುವುದಿಲ್ಲ, ಜನ ಬರುವುದೇ ಕೇಳೋಕೆ. ಟಿಕೆಟ್ ಇರುವ ಕಾರ್ಯಕ್ರಮಕ್ಕೆ ಹೋದರೆ ವಾದ್ಯ ಮನೆಯಲ್ಲೇ ಇಡಿ. ಓಪನ್ ಮೈಕ್ ಇದ್ದ ದಿನ ಹೆಸರು ಕೊಟ್ಟರೆ ನಿಮಗೆ ಒಂದೋ ಎರಡೋ ಹಾಡಿನ ಅವಕಾಶ ಸಿಗುತ್ತದೆ, ಆದರೆ ಅಲ್ಲಿ ನೀವು ಹಾಡುತ್ತೀರಿ, ಉಳಿದವರು ಕೇಳುತ್ತಾರೆ, ಅಷ್ಟೇ. ನಿಮಗೆ ಬೇಕಾದ ಹಿಂದಿನ ದನಿ ಅಲ್ಲಿ ಸಿಗುವುದು ಕಷ್ಟ.

ಸೆಷನ್ ಅಂದರೆ ಹೆಚ್ಚಾಗಿ ಐರಿಶ್. ಹಾರ್ವರ್ಡ್‌ನಿಂದ ರೆಡ್ ಲೈನ್ ಮೆಟ್ರೊ ಹತ್ತಿದರೆ ಎರಡನೇ ಸ್ಟಾಪ್ ಡೇವಿಸ್, ಅಲ್ಲಿ ದಿ ಬರ್ರನ್ ಅನ್ನೋ ಐರಿಶ್ ಪಬ್ ಇದೆ. ಒಮ್ಮೆ ಹೋಗಿ ಒಂದು ಮೂಲೆಯಲ್ಲಿ ಕೂತು ಕೇಳಿ. ನುಡಿಸುವುದು ಬರೀ ಗತ್ತುಗಳು, ಅಂದರೆ ಮಾತಿಲ್ಲದ ವಾದ್ಯದ ಧಾಟಿಗಳು, ಹಾಡು ಕಡಿಮೆ. ಒಂದು ಗತ್ತಿಗೆ ಎರಡು ಭಾಗ, ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸುತ್ತಾರೆ. ಹೀಗೆ ಇಡೀ ಗತ್ತು ಸಾಮಾನ್ಯವಾಗಿ ಮೂರು ಸುತ್ತು ಬರುತ್ತದೆ, ಆಮೇಲೆ ನಿಲ್ಲಿಸದೇ ಇನ್ನೊಂದಕ್ಕೆ ಹೊರಳುತ್ತಾರೆ. ಗತ್ತು ಗೊತ್ತಿಲ್ಲದವರು ಸುಮ್ಮನಿರಬೇಕು ಅನ್ನೋದು ಅಲ್ಲಿನ ಬರೆಯದ ನಿಯಮ. ದಮ್ಮಡಿಯನ್ನಂತೂ ಕೇಳದೇ ತೆಗೆಯಬೇಡಿ. ಅವರದೇ ಬೌರಾನ್ ಅನ್ನೋ ಚರ್ಮವಾದ್ಯವನ್ನೂ ಒಂದು ಹೊತ್ತಿಗೆ ಒಬ್ಬರೇ ನುಡಿಸಿದರೆ ಚೆಂದ ಅಂತಾರೆ. ಎರಡು ಸೇರಿದರೆ ಲಯ ಕದಡುತ್ತದೆ.

ನಿಮಗೆ ಸರಿಯಾದದ್ದು ಸಾಂಗ್ ಸರ್ಕಲ್. ಸುತ್ತ ಕೂರುತ್ತಾರೆ, ಸರದಿ ಬಂದವರು ಒಂದು ಹಾಡು ಎತ್ತುತ್ತಾರೆ, ಪಲ್ಲವಿಗೆ ಎಲ್ಲರೂ ದನಿಗೂಡಿಸುತ್ತಾರೆ. ಹಾಡಲು ಮನಸ್ಸಿಲ್ಲದಿದ್ದರೆ 'ಪಾಸ್' ಅಂದರೆ ಸಾಕು. ಫೋಕ್ ಸಾಂಗ್ ಸೊಸೈಟಿ ಆಫ್ ಗ್ರೇಟರ್ ಬಾಸ್ಟನ್ ಅಂತ 1959ರಿಂದ ಇರುವ ಸಂಘ ಇದೆ, ಅವರ ಹಾಡಿನ ಕೂಟಗಳನ್ನು ವಿಚಾರಿಸಿ. ಇದು ನಮ್ಮ ಭಜನೆಗೆ ತುಂಬಾ ಹತ್ತಿರ, ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತದೆ.

ಪಿಟೀಲು_ಪ್ರೇಮಿ

ಮೇಲಿನವರು ಹೇಳಿದ್ದು ಸರಿ. ನಾನು ಶ್ರುತಿ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಎಡವಟ್ಟಾಗುವುದು ಅಲ್ಲೇ.

ಇಲ್ಲಿನ ಗತ್ತುಗಳು ಹೆಚ್ಚಾಗಿ ಡಿ, ಜಿ, ಎ ಶ್ರುತಿಗಳಲ್ಲಿ ಇರುತ್ತವೆ. ಪಿಟೀಲಿನ ಬಿಡಿ ತಂತಿಗಳು ಅದಕ್ಕೆ ಹೊಂದುತ್ತವೆ, ಐರಿಶ್ ಕೊಳಲು ಡಿಯಲ್ಲೇ ಇರುತ್ತದೆ. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಡಿ ಅಂದರೆ ಬಿಳಿ ಎರಡು. ನೀವು ಕಪ್ಪು ಒಂದರಲ್ಲಿ ಹಾಡುವವರಾದರೆ ಏಕತಾರಿಯನ್ನು ಅರ್ಧ ಸ್ವರ ಏರಿಸಿ ಬಿಳಿ ಎರಡಕ್ಕೆ ತನ್ನಿ, ಇಡೀ ಕೋಣೆ ನಿಮ್ಮ ಜೊತೆ ಬರುತ್ತದೆ. ಕಪ್ಪು ಒಂದರಲ್ಲೇ ಹಾಡುತ್ತೇನೆ ಅಂದರೆ ಗಿಟಾರಿನವರು ಕ್ಯಾಪೊ (ತಂತಿ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ ಹೇಗೋ ಬರುತ್ತಾರೆ, ಪಿಟೀಲಿನವರು ಪೆಟ್ಟಿಗೆಗೆ ಹಾಕಿಬಿಡುತ್ತಾರೆ.

ಎರಡನೆಯದು ಕಾರ್ಡ್, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಬಾರಿಸುವುದು. ಪದ ಕಾಫಿ ಅಥವಾ ಖಮಾಜ್ ರಾಗದ ಧಾಟಿಯಲ್ಲಿದ್ದರೆ ಚಿಂತೆ ಇಲ್ಲ. ಇಲ್ಲಿನವರ ಡೋರಿಯನ್, ಮಿಕ್ಸೊಲಿಡಿಯನ್ ಧಾಟಿಗಳೂ ಅದೇ ಸ್ವರಗಳು, ಎಷ್ಟೋ ಹಳೆಯ ಗತ್ತುಗಳು ಅದರಲ್ಲೇ ಇವೆ, ಅವರ ಬೆರಳು ತಾನಾಗಿ ಹೋಗುತ್ತದೆ. ಭೈರವಿಯಲ್ಲಿದ್ದರೆ ಮಾತ್ರ ಮೊದಲೇ ಹೇಳಿಬಿಡಿ: ಕಾರ್ಡ್ ಬದಲಿಸಬೇಡಿ, ಬರೀ ಡಿ ಮತ್ತು ಎ ಹಿಡಿಯಿರಿ ಅಂತ. ಷಡ್ಜ ಪಂಚಮ ಸಾಕು. ಆ ಕೋಮಲ ರಿಷಭದ ಮೇಲೆ ಯಾರಾದರೂ ಡಿ ಮೇಜರ್ ಬಾರಿಸಿದರೆ ಹಾಡು ಸತ್ತೇ ಹೋಗುತ್ತದೆ. ಗಿಟಾರನ್ನು ಡಿ-ಎ-ಡಿ-ಜಿ-ಎ-ಡಿ ಅಂತ ಶ್ರುತಿ ಮಾಡಿಕೊಂಡವರು ಇದ್ದರೆ ಅವರ ಪಕ್ಕ ಕೂತುಬಿಡಿ, ಅದು ತಂಬೂರಿ ಥರವೇ ಗುಂಯ್‌ಗುಡುತ್ತದೆ. ಐದು ತಂತಿಯ ಬ್ಯಾಂಜೊ ಕೂಡ ಒಳ್ಳೆಯ ಜೊತೆ. ಅದರ ಐದನೇ ಗಿಡ್ಡ ತಂತಿ ಬಾರಿ ಬಾರಿ ಒಂದೇ ಸ್ವರ ಮೀಟುತ್ತಾ ಇರುತ್ತದೆ, ಏಕತಾರಿ ಮಾಡುವ ಕೆಲಸವೂ ಅದೇ ಅಲ್ವಾ. ಬ್ಯಾಂಜೊದ ಬೇರು ಆಫ್ರಿಕಾದ ಸೋರೆಬುರುಡೆ ವಾದ್ಯಗಳಲ್ಲಿದೆ. ನಿಮ್ಮ ಏಕತಾರಿಯ ಬುರುಡೆ ನೋಡಿದರೆ ಅವರೇ ಮಾತಿಗೆ ಬರುತ್ತಾರೆ.

ನ್ಯೂಜೆರ್ಸಿ_ಕನ್ನಡತಿ

ಒಂದು ಸಲಹೆ. ಪದವನ್ನು ಇಂಗ್ಲಿಷಿಗೆ ತಿರುಗಿಸಿ, ಗಿಟಾರ್‌ಗೆ ಹೊಂದಿಸಿ, ಮೂರು ನಿಮಿಷಕ್ಕೆ ಇಳಿಸಿ ಹಾಡಿದರೆ ಜನಕ್ಕೆ ಬೇಗ ಹಿಡಿಸುತ್ತದೆ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಹಾಗೆ ಮಾಡಿಸಿದ್ದೆವು, ಚೆನ್ನಾಗಿ ಬಂತು.

ಡೇವಿಸ್_ಸ್ಕ್ವೇರ್_ಮೈಸೂರಿಗ

ಅಕ್ಕ, ಮಕ್ಕಳ ಕಾರ್ಯಕ್ರಮಕ್ಕೆ ಅದು ಸರಿ. ಇಲ್ಲಿ ಬೇಡ ಅಂತಲೇ ಹೇಳುತ್ತೇನೆ. ಈ ಕೂಟಗಳಿಗೆ ಬರುವವರು ಗೇಲಿಕ್ ಹಾಡು, ಫ್ರೆಂಚ್ ಹಾಡು, ಯಿಡ್ಡಿಶ್ ಹಾಡು ಅರ್ಥ ಗೊತ್ತಿಲ್ಲದೆಯೂ ಪಲ್ಲವಿ ಕಲಿತು ಹಾಡುವ ಜನ. ಅವರಿಗೆ ಭಾಷೆ ಅಡ್ಡಿ ಅಲ್ಲ, ಪಲ್ಲವಿ ಹಿಡಿಯಲು ಸಿಗದಿದ್ದರೆ ಮಾತ್ರ ಅಡ್ಡಿ. ತಿರುಗಿಸಿದ ತತ್ವಪದದಲ್ಲಿ ಪ್ರಾಸವೂ ಹೋಗುತ್ತದೆ, ಒಳಗಿನ ಗೂಢವೂ ಹೋಗುತ್ತದೆ. ಉಳಿಯುವುದು ಒಂದು ಸಾದಾ ಬುದ್ಧಿಮಾತು.

ಹೀಗೆ ಮಾಡಿ. ಪಲ್ಲವಿ ಒಂದೇ ಸಾಲಿನದು, ಜಾಸ್ತಿ ಒತ್ತಕ್ಷರ ಇಲ್ಲದ್ದು ಆರಿಸಿಕೊಳ್ಳಿ. ಹಾಡುವ ಮುಂಚೆ ಎರಡೇ ವಾಕ್ಯದಲ್ಲಿ ಹೇಳಿ: ಇದನ್ನು ಯಾರು ಹಾಡುತ್ತಾರೆ, ಯಾವಾಗ ಹಾಡುತ್ತಾರೆ. ಆಮೇಲೆ ಪಲ್ಲವಿಯನ್ನು ತುಂಡು ತುಂಡಾಗಿ ಹೇಳಿಕೊಟ್ಟು ಅವರ ಬಾಯಲ್ಲಿ ಕೂರಿಸಿ, ನಂತರವೇ ಏಕತಾರಿ ಮೀಟಿ. ಮಠದಲ್ಲಿ ನುಡಿ ಮುಗಿದಾಗ ಮುಂದಿನವರು ತಲೆಯಾಡಿಸಿ ಹಿಂದಿನವರಿಗೆ ಬಿಡುತ್ತಾರಲ್ಲ, ಅದೇ ಸನ್ನೆ ಇಲ್ಲೂ ನಡೆಯುತ್ತದೆ. ಓಲ್ಡ್-ಟೈಮ್ ಜ್ಯಾಮ್‌ಗಳಲ್ಲಿ (ಅಮೆರಿಕದ ಹಳೆಯ ಪಿಟೀಲು-ಬ್ಯಾಂಜೊ ಗತ್ತುಗಳನ್ನು ಎಲ್ಲರೂ ಸೇರಿ ನುಡಿಸುವ ಕೂಟ) ಗತ್ತು ಮುಗಿಸಬೇಕಾದಾಗ ಮುಂದಾಳು ಒಂದು ಕಾಲೆತ್ತುತ್ತಾರೆ, ಇದು ಕೊನೆಯ ಸುತ್ತು ಅಂತ ಎಲ್ಲರಿಗೂ ತಿಳಿಯುತ್ತದೆ. ನೀವೂ ಕಾಲೆತ್ತಿ, ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ.

ನುಡಿಗಳನ್ನು ಮಾತ್ರ ಮೂರ್ನಾಲ್ಕಕ್ಕೆ ನಿಲ್ಲಿಸಿ. ಅಲ್ಲಿ ರಾತ್ರಿಯಿಡೀ ಕೂರುವುದಿಲ್ಲ, ಸರದಿಗೆ ಇನ್ನೂ ಜನ ಕಾಯುತ್ತಿರುತ್ತಾರೆ.

ಏಕತಾರಿ_ಗದಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಲ್ಲವಿ ಕಲಿಸಿ ಹಾಡುವ ದಾರಿ ಮನಸ್ಸಿಗೆ ಬಂತು, ಅದನ್ನೇ ಮಾಡುತ್ತೇನೆ. ಇನ್ನೆರಡು ಕೇಳುವುದಿದೆ. ಊರಾಚೆ ಹೋಗಿ ಕೇಳಲೇಬೇಕಾದ ಕಾರ್ಯಕ್ರಮ ಯಾವುದು? ಮತ್ತೆ ಇಲ್ಲಿನ ಚಳಿಗೆ ಏಕತಾರಿಯ ಬುರುಡೆ ಬಿರುಕು ಬಿಡುತ್ತದೆ ಅಂತ ಒಬ್ಬರು ಹೆದರಿಸಿದರು, ನಿಜವಾ?

ಪಿಟೀಲು_ಪ್ರೇಮಿ

ಜುಲೈ ಕೊನೆಯ ವಾರಾಂತ್ಯ ಬಿಡುವು ಮಾಡಿಕೊಳ್ಳಿ. ರೋಡ್ ಐಲೆಂಡ್‌ನಲ್ಲಿ ನ್ಯೂಪೋರ್ಟ್ ಫೋಕ್ ಫೆಸ್ಟಿವಲ್ ಆಗುವುದು ಆಗಲೇ. 1959ರಲ್ಲಿ ಶುರುವಾದದ್ದು, ಟಿಕೆಟ್ ಬೇಗ ಖಾಲಿಯಾಗುತ್ತದೆ. ಲೋವೆಲ್ ಊರಿನ ಜನಪದ ಉತ್ಸವವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಅದಕ್ಕೆ ದುಡ್ಡಿಲ್ಲ, ನಾರ್ತ್ ಸ್ಟೇಷನ್‌ನಿಂದ ರೈಲಿದೆ. ನನ್ನನ್ನು ಕೇಳಿದರೆ ಲೋವೆಲ್. ಬೇರೆ ಬೇರೆ ದೇಶದಿಂದ ಬಂದು ನೆಲೆಸಿದವರ ಸಂಗೀತ ಬೀದಿಯಲ್ಲೇ ನಿಂತು ಕೇಳಬಹುದು.

ಚರ್ಚುಗಳಲ್ಲಿ ಸ್ವಯಂಸೇವಕರು ನಡೆಸುವ ಕಾಫಿಹೌಸ್‌ಗಳನ್ನು ಮರೆಯಬೇಡಿ. ಮಾರ್ಬಲ್‌ಹೆಡ್‌ ಊರಿನ 'ಮಿ ಆಂಡ್ ದೀ' 1970ರಿಂದ ನಡೆದುಕೊಂಡು ಬಂದಿದೆ. ಇಂಥವು ಹೆಚ್ಚಾಗಿ ಸೆಪ್ಟೆಂಬರ್‌ನಿಂದ ಮೇವರೆಗೆ ಇರುತ್ತವೆ, ಬೇಸಿಗೆಯಲ್ಲಿ ಬಾಗಿಲು ಹಾಕುತ್ತಾರೆ. ಕಾರಿದ್ದರೆ ನ್ಯೂಯಾರ್ಕ್ ರಾಜ್ಯದ ಸಾರಟೋಗಾ ಸ್ಪ್ರಿಂಗ್ಸ್‌ಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕೆಫೆ ಲೀನಾ 1960ರಿಂದ ನಿಂತಿಲ್ಲ.

ಬುರುಡೆ ವಿಷಯ ನಿಜ. ಕೆಡಿಸುವುದು ಹೊರಗಿನ ಚಳಿಗಿಂತ ಮನೆಯೊಳಗಿನ ಹೀಟರ್. ಗಾಳಿ ಪೂರ್ತಿ ಒಣಗುತ್ತದೆ, ಬುರುಡೆಯೂ ಮರವೂ ಕುಗ್ಗುತ್ತವೆ. ತೇವ ಅಳೆಯುವ ಚಿಕ್ಕ ಮೀಟರ್ ಒಂದು ತಂದು ಪೆಟ್ಟಿಗೆಯೊಳಗೆ ಇಡಿ, 45ರಿಂದ 55 ಪರ್ಸೆಂಟ್ ನಡುವೆ ಇರಲಿ. ಗಿಟಾರ್ ಅಂಗಡಿಯಲ್ಲಿ ಪೆಟ್ಟಿಗೆಯೊಳಗೆ ಇಡುವ ತೇವದ ಪೊಟ್ಟಣ ಸಿಗುತ್ತದೆ, ಅದೇ ಸಾಕು. ಹೀಟರ್ ಹತ್ತಿರದ ಗೋಡೆಗೆ ನೇತುಹಾಕಬೇಡಿ, ರಾತ್ರಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಚಳಿಯಿಂದ ಕೂಟದ ಕೋಣೆಗೆ ಬಂದ ಕೂಡಲೇ ಪೆಟ್ಟಿಗೆ ತೆರೆಯದೇ ಸ್ವಲ್ಪ ಹೊತ್ತು ಹಾಗೇ ಇಡಿ. ಅಷ್ಟರಲ್ಲಿ ಕಾಫಿ ಕುಡಿದು ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳಿ.