ಮಕ್ಕಳೇ ಬರೆದು ಹಾಕುವ ಕಾಲಕ್ಕೆ ನಮ್ಮ ಲೈಬ್ರರಿ ಪಾಠ ಸಾಕಾ?

ದುರ್ಗದ ಮೇಷ್ಟ್ರು:
ಚಿತ್ರದುರ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವರ್ಷದ ಶುರುವಿನಲ್ಲಿ ನಮ್ಮಲ್ಲಿ ಲೈಬ್ರರಿ ಪರಿಚಯ ಅಂತ ಒಂದು ಗಂಟೆ ಇರುತ್ತದೆ. ಪುಸ್ತಕ ಎಲ್ಲಿದೆ, ಯಾವ ವೆಬ್‌ಸೈಟ್ ನಂಬಬೇಕು, ಅಷ್ಟೇ, ಮುಗೀತು. ಈ ಸಲ ಅಸೈನ್‌ಮೆಂಟ್ ಬದಲು ಐದೈದು ಜನರ ಗುಂಪು ಮಾಡಿದೆ. ಜಿಲ್ಲೆಯ ಒಂದೊಂದು ಜಾಗದ ಬಗ್ಗೆ ಗೂಗಲ್ ಡಾಕ್ಸ್‌ನಲ್ಲಿ ಒಟ್ಟಿಗೆ ಬರೆಯಿರಿ, ಎಲ್ಲರೂ ಎಲ್ಲರದ್ದೂ ಓದಿ, ಆಮೇಲೆ ಕನ್ನಡ ವಿಕಿಪೀಡಿಯಕ್ಕೆ ಸೇರಿಸೋಣ ಅಂದೆ.

ವಾಣಿವಿಲಾಸ ಸಾಗರ ಸಿಕ್ಕ ಗುಂಪು "1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು ತುಂಬಿದ್ದು 1933ರಲ್ಲಿ ಒಂದೇ ಸಲ" ಅಂತ ಬರೆಯಿತು. ಕೆಳಗೆ ಪುಸ್ತಕದ ಹೆಸರು, ಪುಟದ ನಂಬರ್ ಎಲ್ಲ ಇತ್ತು. ನಾನೂ ಟಿಕ್ ಹಾಕಿಬಿಟ್ಟೆ. ಆಮೇಲೆ ಬೇರೆ ಗುಂಪಿನ ಹಿರಿಯೂರು ಕಡೆಯ ಹುಡುಗಿ ಪಕ್ಕದಲ್ಲಿ ಕಾಮೆಂಟ್ ಹಾಕಿದ್ದಾಳೆ: "2022ರಲ್ಲಿ ಕೋಡಿ ಬಿದ್ದಾಗ ಮನೆಯವರೆಲ್ಲ ನೋಡೋಕೆ ಹೋಗಿದ್ವಿ, ಫೋಟೋನೂ ಇದೆ." ಅದಕ್ಕೆ ಈ ಗುಂಪಿನ ಲೀಡರ್ ಕೊಟ್ಟ ಉತ್ತರ: "ಪುಸ್ತಕದಲ್ಲಿ ಹಾಗೇ ಇದೆ."

ಪುಸ್ತಕ ಸುಳ್ಳು ಹೇಳಿಲ್ಲ. ಅದು ಅಚ್ಚಾಗಿದ್ದೇ 2022ಕ್ಕೆ ಎಷ್ಟೋ ವರ್ಷ ಮೊದಲು. ಒಳ್ಳೆ ಮೂಲ ಹುಡುಕಿ ಅಂತ ನಾವು ಹೇಳಿಕೊಟ್ಟಿದ್ದನ್ನೇ ಹುಡುಗರು ಮಾಡಿದ್ದಾರೆ. ಹಾಗಾದರೆ ನಾವು ಹೇಳಿಕೊಡದೆ ಬಿಟ್ಟಿದ್ದು ಏನು?

ಪುಸ್ತಕದ ಹುಳ, ದಾವಣಗೆರೆ:
ನಾನು ಲೈಬ್ರೇರಿಯನ್, ಆ ಒಂದು ಗಂಟೆಯ ಪಾಠ ಮಾಡೋಳೇ ನಾನು ಸರ್! ನಮ್ಮ ಪಾಠದ ಬೇರು ಹಳೇದು. ಅಮೆರಿಕದ ಕಾಲೇಜು ಲೈಬ್ರರಿಗಳ ಸಂಘ ಎಸಿಆರ್‌ಎಲ್ 2000ದಲ್ಲಿ ಮಾನದಂಡಗಳನ್ನು ಮಾಡಿತ್ತು. ಏನು ಬೇಕು ಗೊತ್ತುಮಾಡಿಕೋ, ಹುಡುಕು, ತೂಗಿ ನೋಡು, ಬಳಸು. ಓದುವವನೇ ಒಬ್ಬ, ಬರೆಯುವವನೇ ಇನ್ನೊಬ್ಬ ಅನ್ನೋ ಕಾಲಕ್ಕೆ ಅದು ಸರಿ ಇತ್ತು. 2016ರಲ್ಲಿ ಅವರೇ ಅದನ್ನು ಕೈಬಿಟ್ಟು ಆರು ವಿಚಾರಗಳ ಚೌಕಟ್ಟು ತಂದರು. ಅದರಲ್ಲಿ ನಿಮ್ಮ ಕೆರೆಗೆ ಹೊಂದುವ ಮಾತೊಂದಿದೆ: ಯಾರ ಮಾತಿಗೆ ಎಷ್ಟು ತೂಕ ಅನ್ನೋದು ಸಂದರ್ಭ ನೋಡಿ ತೀರ್ಮಾನ ಆಗಬೇಕು. 1933ರ ವಿಷಯಕ್ಕೆ ಪುಸ್ತಕ ದೊಡ್ಡದು, 2022ರ ವಿಷಯಕ್ಕೆ ಆ ಹುಡುಗಿ ದೊಡ್ಡವಳು.

ಇದಕ್ಕೂ ಮೊದಲು, 2011ರಲ್ಲಿ, ಥಾಮಸ್ ಮ್ಯಾಕಿ ಮತ್ತು ಟ್ರುಡಿ ಜೇಕಬ್‌ಸನ್ ಅನ್ನೋ ಇಬ್ಬರು ಮೆಟಾಲಿಟರಸಿ ಅಂತ ಒಂದು ಹೆಸರು ಕೊಟ್ಟರು (ಹೆಸರು ಭಾರ, ವಿಷಯ ಸುಲಭ). ವಿದ್ಯಾರ್ಥಿ ಈಗ ಹುಡುಕುವವನಷ್ಟೇ ಆಗಿ ಉಳಿದಿಲ್ಲ, ತಯಾರಿಸ್ತಾನೆ, ಹಂಚ್ತಾನೆ, ಬೇರೆಯವರದ್ದನ್ನು ತಿದ್ದುತ್ತಾನೆ. ಅದರ ಜೊತೆಗೆ, ನಾನು ಇದನ್ನು ಯಾಕೆ ನಂಬಿದೆ ಅಂತ ತನ್ನನ್ನೇ ಕೇಳಿಕೊಳ್ಳೋದೂ ಕಲಿಯಬೇಕು. ನಿಮ್ಮ ಲೀಡರ್ ಎಡವಿದ್ದು ಇಲ್ಲೇ ಅಲ್ವಾ?

ಜಗಳೂರು ಬಸ್ಸು:
ಮೇಡಂ ಹೇಳಿದ್ದೆಲ್ಲ ಚೆಂದ, ಆದರೆ ನಾನೂ ಗುಂಪು ಕೆಲಸ ಕೊಟ್ಟು ಕೈ ಸುಟ್ಟುಕೊಂಡವನು. ಐವರಲ್ಲಿ ಒಬ್ಬ ಬರೆಯುತ್ತಾನೆ, ನಾಲ್ಕು ಜನ ಹೆಸರು ಸೇರಿಸುತ್ತಾರೆ. ನನ್ನ ಕ್ಲಾಸಿನಲ್ಲಿ ಒಂದು ಹುಡುಗಿಗೆ ಸ್ವಂತ ಫೋನೇ ಇರಲಿಲ್ಲ, ಅಣ್ಣ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದ ಮೇಲೆ ಬರೆಯುತ್ತಿದ್ದಳು. ಎಲ್ಲರೂ ಭಾಗವಹಿಸಿ ಅಂತ ಹೇಳೋದು ಸುಲಭ. ಮತ್ತೆ ಸಿಲೆಬಸ್ ಯಾರು ಮುಗಿಸೋದು?

ಪುಸ್ತಕದ ಹುಳ, ದಾವಣಗೆರೆ:
ಫೋನಿನ ವಿಷಯ ನಿಜ, ಅದಕ್ಕೆ ಲೈಬ್ರರಿ ಕಂಪ್ಯೂಟರ್ ಬಿಟ್ಟುಕೊಡಬೇಕು, ಬೇರೆ ದಾರಿ ಇಲ್ಲ. ಹೆಸರು ಸೇರಿಸೋರ ಬಗ್ಗೆ: ಡಾಕ್ಸ್‌ನಲ್ಲಿ ಹಳೆಯ ಆವೃತ್ತಿಗಳು ಸಿಗುತ್ತವೆ. ಯಾರು ಯಾವಾಗ ಏನು ಬರೆದರು ಅಂತ ಕಾಣುತ್ತದೆ.

ಸುಮ್ನೆ ಒಬ್ಬ ಓದುಗ:
ನಾನು ಮೇಷ್ಟ್ರಲ್ಲ, ವಿಕಿಪೀಡಿಯದಲ್ಲಿ ಆಗಾಗ ಬರೆಯುವವನು. ಒಂದು ಎಚ್ಚರಿಕೆ. ಆ ಹುಡುಗಿ ಕಣ್ಣಾರೆ ನೋಡಿದ್ದರೂ "ನಾನು ನೋಡಿದ್ದೀನಿ" ಅನ್ನೋದು ಅಲ್ಲಿ ಆಧಾರ ಆಗಲ್ಲ, ಎಲ್ಲಾದರೂ ಪ್ರಕಟವಾಗಿರಬೇಕು. 2022ರ ಸೆಪ್ಟೆಂಬರ್ ಮೊದಲ ವಾರದ ಪೇಪರ್ ತೆಗೆಸಿ, 89 ವರ್ಷದ ಮೇಲೆ ಕೋಡಿ ಬಿತ್ತು ಅಂತ ಸುದ್ದಿ ಸಿಗುತ್ತದೆ. ಫೋಟೋ ಹಾಕಬಹುದು, ಆದರೆ ತೆಗೆದವರು ಯಾರು ಕೇಳಿ. ಅಪ್ಪ ತೆಗೆದಿದ್ದರೆ ಹಕ್ಕು ಅಪ್ಪಂದು, ಅವರ ಒಪ್ಪಿಗೆ ಬೇಕು.

ನನ್ನದೇ ಒಂದು ಕಥೆ ಹೇಳ್ತೀನಿ. ಕಾಲೇಜಿನಲ್ಲಿದ್ದಾಗ ಓಬವ್ವನ ಬಗ್ಗೆ ಒಂದು ವಿಡಿಯೋ ಮಾಡಿ, ಟಿಪ್ಪು ಸೈನ್ಯದ ಜೊತೆ ಹೋರಾಡಿದಳು ಅಂತ ಹೇಳಿಬಿಟ್ಟಿದ್ದೆ. ಕೋಟೆಗೆ ಮುತ್ತಿಗೆ ಹಾಕಿದ್ದು ಹೈದರಾಲಿ ಸೈನ್ಯ, ದುರ್ಗ ಅವನ ಕೈಗೆ ಹೋಗಿದ್ದು 1779ರಲ್ಲಿ. ಯಾರೋ ಕಾಮೆಂಟಿನಲ್ಲಿ ಬೈದ ಮೇಲೆ ಡಿಲೀಟ್ ಮಾಡಿದೆ. ಒಂದು ತಿಂಗಳ ನಂತರ ನಮ್ಮ ಸೋದರಮಾವ ಅದೇ ವಿಡಿಯೋನ ಫ್ಯಾಮಿಲಿ ಗ್ರೂಪಿಗೆ ಹಾಕಿ "ಎಲ್ಲರೂ ತಿಳಿದುಕೊಳ್ಳಿ" ಅಂತ ಬರೆದಿದ್ದರು. ಮಾತಾಡುತ್ತಿರೋದು ನಾನು ಅಂತ ಅವರಿಗೆ ಗೊತ್ತೇ ಆಗಿರಲಿಲ್ಲ. ಅವತ್ತಿಂದ ಇಸವಿ ಬರೆಯುವ ಮುಂಚೆ ಎರಡು ಕಡೆ ನೋಡುತ್ತೇನೆ. ಯಾವ ಲೈಬ್ರರಿ ಪಾಠವೂ ನನಗೆ ಇದನ್ನು ಕಲಿಸಿರಲಿಲ್ಲ.

ದುರ್ಗದ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಎರಡೂ ಗುಂಪನ್ನು ಒಟ್ಟಿಗೆ ಕೂರಿಸಿದೆ. ಹಳೇ ಪೇಪರ್ ಸಿಕ್ಕಿತು. 2025ರ ಜನವರಿಯಲ್ಲಿ ಮತ್ತೆ ತುಂಬಿದ ಸುದ್ದಿಯನ್ನೂ ಅವರೇ ಹುಡುಕಿದರು. "ಒಂದೇ ಸಲ" ಅನ್ನೋದನ್ನು ಲೀಡರ್ ತಾನೇ ಅಳಿಸಿ ಮೂರು ಇಸವಿ ಬರೆದ, ಪುಸ್ತಕವನ್ನು 1933ಕ್ಕೆ ಮಾತ್ರ ಆಧಾರವಾಗಿ ಉಳಿಸಿಕೊಂಡ. ನನ್ನ ಟಿಕ್ ಮೇಲೆ ನಾನೇ ಗೆರೆ ಎಳೆದೆ, ಹುಡುಗರು ನಕ್ಕರು. ಈಗ ತಲೆನೋವು ಬೇರೆ: ತಪ್ಪು ಹಿಡಿದ ಹುಡುಗಿ ಆ ಗುಂಪಿನವಳೇ ಅಲ್ಲ, ಅವಳಿಗೆ ಮಾರ್ಕ್ಸ್ ಯಾವ ಲೆಕ್ಕದಲ್ಲಿ ಕೊಡೋದು?