ಅಲಾಯ್ ವೀಲ್‌ಗಳ ಮೇಲೆ ಕೂರುವ ಬ್ರೇಕ್ ಪುಡಿಯನ್ನು ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಯುರೋಪಿನ ಕಂಪನಿಯೊಂದರ ಕಾರಿದೆ. ಅದರ ಬೆಳ್ಳಿ ಬಣ್ಣದ ಅಲಾಯ್ ವೀಲ್‌ಗಳನ್ನು ಭಾನುವಾರ ಎಷ್ಟೇ ಚೆನ್ನಾಗಿ ತೊಳೆದರೂ, ಬೆಂಗಳೂರಿನ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಓಡಾಡಿ ವಾರ ಮುಗಿಯುವ ಮೊದಲೇ ಮುಂದಿನ ಎರಡೂ ಚಕ್ರಗಳು ಕಪ್ಪಿಟ್ಟಿರುತ್ತವೆ. ಅವುಗಳಲ್ಲೂ ಎಡಗಡೆಯದರಲ್ಲಿ ಪುಡಿ ಹೆಚ್ಚು. ರಿಮ್ಮಿನ ಒಳಮೈಯಲ್ಲಿ ಎದ್ದಿರುವ ಕಂದು ಚುಕ್ಕೆಗಳು ಶಾಂಪೂವಿಗೆ ಬಿಡುತ್ತಿಲ್ಲ. ಸೆರಾಮಿಕ್ ಪ್ಯಾಡ್ ಹಾಕಿಸಿದರೆ ಪುಡಿ ಕಡಿಮೆಯಾಗುತ್ತದೆ ಎನ್ನುತ್ತಾರೆ. ಆದರೆ ಬ್ರೇಕಿನ ಹಿಡಿತ ಕುಗ್ಗುವುದೇ? ಕುಟುಂಬದೊಂದಿಗೆ ಆಗಾಗ ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿಗೆ ಹೋಗುವುದರಿಂದ ಆ ವಿಷಯದಲ್ಲಿ ರಾಜಿಯಾಗಲು ನನಗೆ ಮನಸ್ಸಿಲ್ಲ.

ಉತ್ತರ 1

ಪ್ಯಾಡಿನ ಮಾತು ಆಮೇಲೆ. ಮೊದಲು ಆ ಎಡ ಚಕ್ರವನ್ನು ಪರೀಕ್ಷಿಸಿ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳು ಹೆಚ್ಚು ಕಪ್ಪಾಗುವುದು ಸಹಜ. ಆದರೆ ಮುಂದಿನ ಎಡ-ಬಲಗಳ ನಡುವೆಯೇ ಎದ್ದು ಕಾಣುವ ವ್ಯತ್ಯಾಸವಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು. ಚಕ್ರದೊಂದಿಗೆ ತಿರುಗುವ ಲೋಹದ ಡಿಸ್ಕಿಗೆ ಬ್ರೇಕ್ ಪ್ಯಾಡುಗಳನ್ನು ಒತ್ತಿ ಹಿಡಿಯುವ ಭಾಗವೇ ಕ್ಯಾಲಿಪರ್. ಅದು ಸರಿದಾಡುವ ಸ್ಲೈಡ್ ಪಿನ್ನುಗಳ ಗ್ರೀಸ್ ಒಣಗಿದ್ದರೆ, ಅಥವಾ ರಬ್ಬರ್ ಬೂಟ್ ಹರಿದು ನೀರು ಹೊಕ್ಕು ಪಿಸ್ಟನ್ ತುಕ್ಕು ಹಿಡಿದಿದ್ದರೆ, ಪೆಡಲಿನಿಂದ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಒಂದಿಷ್ಟು ದೂರ ಓಡಿಸಿ ನಿಲ್ಲಿಸಿದ ಮೇಲೆ, ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ಶಾಖವನ್ನು ಹೋಲಿಸಿ ನೋಡಿ. ಡಿಸ್ಕನ್ನು ಮಾತ್ರ ಮುಟ್ಟಬೇಡಿ. ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡ್ ಮತ್ತು ಹೊರಗಿನ ಪ್ಯಾಡ್ ಎಷ್ಟೆಷ್ಟು ಸವೆದಿವೆ ಎಂಬುದನ್ನು ಎದುರಿಗೆ ನಿಂತು ನೋಡಿ. ಒಂದು ತೀರಾ ತೆಳುವಾಗಿ ಇನ್ನೊಂದು ದಪ್ಪವಾಗಿಯೇ ಉಳಿದಿದ್ದರೆ ಪಿನ್ನೋ ಪಿಸ್ಟನ್ನೋ ಅಂಟಿಕೊಂಡಿರುವ ಸಂಭವವೇ ಹೆಚ್ಚು. ಘಾಟಿ ಇಳಿಯುವ ಕಾರಿನಲ್ಲಿ ಇದನ್ನು ಮುಂದಿನ ಸರ್ವೀಸಿನವರೆಗೆ ತಳ್ಳಬಾರದು.

ಉತ್ತರ 2

ಮೇಲಿನ ಸಲಹೆಯೇ ಮೊದಲ ಹೆಜ್ಜೆ. ಇನ್ನು ಪ್ಯಾಡಿನ ವಿಷಯ. ಯುರೋಪಿನ ಅನೇಕ ಕಾರುಗಳು ಲೋ-ಮೆಟಾಲಿಕ್ (ಸ್ವಲ್ಪ ಪ್ರಮಾಣದ ಲೋಹ ಬೆರೆತ) ಪ್ಯಾಡುಗಳೊಂದಿಗೆ ಬರುತ್ತವೆ. ಇವು ಚೆನ್ನಾಗಿ ಕಚ್ಚಿ ಹಿಡಿಯುತ್ತವೆ, ಪ್ಯಾಡಿನ ಜೊತೆಗೆ ಎರಕದ ಕಬ್ಬಿಣದ ಡಿಸ್ಕನ್ನೂ ಸವೆಸುತ್ತವೆ. ನಿಮ್ಮ ರಿಮ್ಮಿನ ಕಂದು ಚುಕ್ಕೆಗಳು ಆ ಕಬ್ಬಿಣದ ಕಣಗಳು ಕಚ್ಚಿಕೊಂಡು ತುಕ್ಕು ಹಿಡಿದದ್ದು. ಪುಡಿಯಲ್ಲಿ ಡಿಸ್ಕಿನ ಪಾಲೂ ದೊಡ್ಡದು. 2017ರಲ್ಲಿ ಪೋರ್ಷೆ ಕಂಪನಿ ತನ್ನ ಕೆಯೆನ್ ಕಾರಿಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪಿಸಿದ ಡಿಸ್ಕುಗಳನ್ನು ತಂದು, ಪುಡಿ ಶೇ 90ರಷ್ಟು ಕಡಿಮೆಯಾಗುತ್ತದೆಂದು ಹೇಳಿಕೊಂಡದ್ದಲ್ಲದೆ, ಕ್ಯಾಲಿಪರುಗಳಿಗೆ ಬಿಳಿ ಬಣ್ಣವನ್ನೇ ಬಳಿದಿತ್ತು.

ಸೆರಾಮಿಕ್ ಪ್ಯಾಡುಗಳ ಪುಡಿ ಕಡಿಮೆ, ಬಣ್ಣವೂ ತಿಳಿ. ಆದರೆ ಹಲವು ಬಗೆಗಳಲ್ಲಿ ಪೆಡಲ್ ಒತ್ತಿದೊಡನೆ ಸಿಗುವ ಹಿಡಿತ ತುಸು ಮೃದುವಾಗಿರುತ್ತದೆ. ನಿಮ್ಮ ಮಾಡೆಲಿಗೆಂದೇ ಹೆಸರಾಂತ ತಯಾರಕರು ಮಾಡಿದ ಪ್ಯಾಡ್ ಸಿಕ್ಕರೆ, ಎಡ-ಬಲ ಎರಡಕ್ಕೂ ಒಟ್ಟಿಗೆ ಹಾಕಿಸಿ, ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಲವು ಬಾರಿ ಹದವಾಗಿ ನಿಧಾನಿಸಿ ಪಳಗಿಸಿದ ನಂತರವೇ ಘಾಟಿಗೆ ಇಳಿಸಿ. ಅಂಥದ್ದು ಸಿಗದಿದ್ದರೆ ಕಂಪನಿಯ ಪ್ಯಾಡನ್ನೇ ಉಳಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಇಳಿಜಾರಿನಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನೇ ವೇಗವನ್ನು ಹಿಡಿಯುವಂತೆ ಬಿಟ್ಟರೆ ಪ್ಯಾಡೂ ಉಳಿಯುತ್ತದೆ, ಬ್ರೇಕೂ ಬಿಸಿಯೇರುವುದಿಲ್ಲ.

ಉತ್ತರ 3

ಕಂದು ಚುಕ್ಕೆಗಳಿಗೆ ಐರನ್ ರಿಮೂವರ್ ಬಳಸಿ. ಇವುಗಳಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೊಲೇಟ್ ಇರುತ್ತದೆ. ತಣ್ಣಗಿರುವ ಚಕ್ರಕ್ಕೆ ನೆರಳಿನಲ್ಲಿ ಸಿಂಪಡಿಸಿದರೆ ಕೆಲವೇ ನಿಮಿಷಗಳಲ್ಲಿ ಕಬ್ಬಿಣವಿದ್ದ ಕಡೆಯೆಲ್ಲ ನೇರಳೆ ಬಣ್ಣ ತಿರುಗಿ ಅಂಚಿನಿಂದ ತೊಟ್ಟಿಕ್ಕತೊಡಗುತ್ತದೆ. ಒಣಗುವ ಮೊದಲೇ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಧಾರಾಳವಾಗಿ ನೀರು ಬಿಡಿ. ವಾಸನೆ ಕಟು, ಕೈಗವಸು ಬೇಕೇ ಬೇಕು. ವಾಟರ್ ಸರ್ವೀಸ್ ಅಂಗಡಿಗಳಲ್ಲಿ ಆಸಿಡ್ ಬೆರೆತ ದ್ರವ ಬಳಸಲು ಬಂದರೆ ಖಂಡಿತ ಬೇಡವೆನ್ನಿ, ಅದರಲ್ಲೂ ಡೈಮಂಡ್ ಕಟ್ (ಹೊರಮೈಯನ್ನು ಯಂತ್ರದಲ್ಲಿ ಕಡೆದು ಹೊಳಪು ತಂದ) ಚಕ್ರಗಳಾದರೆ. ಸ್ವಚ್ಛವಾದ ಚಕ್ರಕ್ಕೆ ಸೆರಾಮಿಕ್ ಕೋಟಿಂಗ್ ಅಥವಾ ವೀಲ್ ವ್ಯಾಕ್ಸ್ ಮಾಡಿಸಿದರೆ ಪುಡಿ ಬರುವುದು ನಿಲ್ಲದಿದ್ದರೂ, ಕಚ್ಚಿಕೊಳ್ಳದೆ ಬರಿಯ ನೀರು-ಶಾಂಪೂವಿಗೆ ಜಾರಿಹೋಗುತ್ತದೆ.

ಒಣ ಪುಡಿಯನ್ನು ಗಾಳಿ ಹೊಡೆದು ಹಾರಿಸಲು ಯಾರಿಗೂ ಬಿಡಬೇಡಿ. ಇದರಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣಗಳಿರುತ್ತವೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮಗಳು ಹೊಗೆಯ ಜೊತೆಗೆ ಬ್ರೇಕಿನ ಕಣಗಳಿಗೂ ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಾಳೆಯೇ ಕ್ಯಾಲಿಪರ್ ಬಿಚ್ಚಿಸುತ್ತೇನೆ. ಡಿಸ್ಕಿಗೂ ಚಕ್ರಕ್ಕೂ ನಡುವೆ ಕೂರಿಸುವ ತಟ್ಟೆಗಳು ಪುಡಿಯನ್ನು ತಡೆಯುತ್ತವೆಂದು ಓದಿದ್ದೆ. ಅವನ್ನು ಹಾಕಿಸಬಹುದೇ?

ಉತ್ತರ 1ರವರಿಂದ

ಬೇಡ. ಆ ತಟ್ಟೆಗಳು ಪುಡಿಯ ಜೊತೆಗೆ ಡಿಸ್ಕನ್ನು ತಣಿಸುವ ಗಾಳಿಯನ್ನೂ ತಡೆಯುತ್ತವೆ. ಉದ್ದನೆಯ ಇಳಿಜಾರಿನಲ್ಲಿ ಡಿಸ್ಕಿನ ಶಾಖ ಹೊರಹೋಗದಿದ್ದರೆ ಬ್ರೇಕಿನ ಹಿಡಿತ ಕುಸಿಯುತ್ತದೆ, ಬ್ರೇಕ್ ಆಯಿಲ್ ಕುದಿಯಲೂಬಹುದು.