ಹೊಟ್ಟೆ ಉಬ್ಬರಕ್ಕೆ ಹಿಂಗ್ವಾಷ್ಟಕ ಚೂರ್ಣ ತೆಗೆದುಕೊಳ್ಳಬಹುದಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 43 ವರ್ಷ, ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ. ದಿನಾ ಏನೂ ತೊಂದರೆ ಇಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಊಟ ಆದಮೇಲೆ ಹೊಟ್ಟೆ ಬಿಗಿದುಕೊಂಡು, ಒಂದು ತೇಗು ಬಂದರೆ ಸಾಕಪ್ಪಾ ಅನಿಸುತ್ತದೆ. ಅವರೆಕಾಯಿ ಕಾಲದಲ್ಲಿ ಜಾಸ್ತಿ, ಯಾಕಂದರೆ ನಮ್ಮ ಮನೆಯಲ್ಲಿ ಆಗ ವಾರಪೂರ್ತಿ ಅವರೆಕಾಳಿನ ಸಾರು, ಅವರೆಕಾಳು ಉಪ್ಪಿಟ್ಟು. ಇಷ್ಟು ದಿನ ಈನೋ ಕುಡಿದು ಸುಮ್ಮನಾಗುತ್ತಿದ್ದೆ. ಈಗ ನಮ್ಮ ಭಾವ ಹಿಂಗ್ವಾಷ್ಟಕ ಚೂರ್ಣದ ಡಬ್ಬಿ ಕೊಟ್ಟಿದ್ದಾರೆ, "ಗಿಡಮೂಲಿಕೆ ತಾನೇ, ಏನೂ ಆಗಲ್ಲ, ತಗೋ" ಅಂತ. ತೆಗೆದುಕೊಳ್ಳಬಹುದಾ? ಎಷ್ಟು, ಯಾವಾಗ? ಬಿಪಿಗೆ ಒಂದು ಮಾತ್ರೆ ನಡೆಯುತ್ತಿದೆ.

ಉತ್ತರ (ಆಯುರ್ವೇದ ವೈದ್ಯೆ): ನಿಮ್ಮದು ಬರೀ ಉಬ್ಬರ, ತೇಗು, ಭಾರ ಆಗಿದ್ದರೆ ತೆಗೆದುಕೊಳ್ಳಬಹುದು. ಎದೆ ಉರಿ, ಹುಳಿ ತೇಗು ಇದ್ದರೆ ಬೇಡ. ಎಲ್ಲರೂ ಎರಡನ್ನೂ ಅಜೀರ್ಣ ಅಂತಲೇ ಹೇಳುತ್ತಾರೆ, ಗ್ಯಾಸ್ಟ್ರಿಕ್ ಅಂತಲೂ ಹೇಳುತ್ತಾರೆ, ಆದರೆ ಒಂದಕ್ಕೆ ಹಿತವಾದ ಚೂರ್ಣ ಇನ್ನೊಂದನ್ನು ಕೆರಳಿಸುತ್ತದೆ. ಇದರಲ್ಲಿರುವುದು ಎಂಟು ಸಾಮಾನು: ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಅಜಮೋದ, ಜೀರಿಗೆ, ಕರಿಜೀರಿಗೆ, ಸೈಂಧವ ಉಪ್ಪು, ಇಂಗು. ಬಹುಪಾಲು ಖಾರ, ಉಷ್ಣ.

ತೆಗೆದುಕೊಳ್ಳುವ ಕ್ರಮ ಹೀಗೆ. ಬಿಸಿ ಅನ್ನದ ಮೊದಲ ತುತ್ತಿಗೆ ಅರ್ಧ ಟೀ ಚಮಚ ಚೂರ್ಣ, ಸ್ವಲ್ಪ ತುಪ್ಪ ಹಾಕಿ ಕಲಸಿ ತಿನ್ನಿ, ಆಮೇಲೆ ಸಾರು ಹಾಕಿಕೊಳ್ಳಿ. ಹಳೆಯ ಪದ್ಧತಿಯೂ ಇದೇ. ಬಹಳ ಜನ ಊಟ ಎಲ್ಲ ಮುಗಿದು ಹೊಟ್ಟೆ ಉಬ್ಬಿಕೊಂಡ ಮೇಲೆ ನೀರಿಗೆ ಕದಡಿ ಗಟಗಟ ಕುಡಿಯುತ್ತಾರೆ, ಗಂಟಲು ಉರಿಸಿಕೊಂಡು ಚೂರ್ಣವನ್ನು ಬೈಯುತ್ತಾರೆ. ದಿನಾ ಬೇಡ. ಭಾರಿ ಊಟ ಇರುವ ದಿನ ಸಾಕು.

ಬಿಪಿ ವಿಷಯಕ್ಕೆ ಬಂದರೆ, ಸೈಂಧವ ಉಪ್ಪೂ ಉಪ್ಪೇ, ಅದರಲ್ಲೂ ಸೋಡಿಯಂ ಇದೆ. ಅರ್ಧ ಚಮಚದಲ್ಲಿ ಅದು ಸ್ವಲ್ಪವೇ. ನೀವು ಕುಡಿಯುತ್ತಿದ್ದ ಈನೋದಲ್ಲಿ ಸೋಡಿಯಂ ಇದಕ್ಕಿಂತ ಜಾಸ್ತಿ, ಅದು ಸೋಡಾ ಮತ್ತು ಸಿಟ್ರಿಕ್ ಆಮ್ಲ ಸೇರಿಸಿ ಮಾಡಿದ್ದು. ಇನ್ನೊಂದು ವಿಷಯ. ಮೆಣಸು, ಹಿಪ್ಪಲಿಯಲ್ಲಿರುವ ಪೈಪರೀನ್ ಕೆಲವು ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೇ ಏರಿಸುತ್ತದೆ. ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಅಂಥವು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರೂ ಡಾಕ್ಟರನ್ನು ಕೇಳದೆ ಈ ಡಬ್ಬಿ ಮುಟ್ಟಬೇಡಿ. ನಿಮ್ಮ ಬಿಪಿ ಮಾತ್ರೆಯ ಹೆಸರು ಬರೆಯಿರಿ. ಆಗಾಗ ನುಂಗುವ ಬೇರೆ ಯಾವುದೇ ಮಾತ್ರೆ ಇದ್ದರೂ ಬರೆಯಿರಿ.

ಅವರೆಕಾಳಿಗೂ ಒಂದು ಮಾತು. ಕಾಳಿನಲ್ಲಿರುವ ಕೆಲವು ಬಗೆಯ ಸಕ್ಕರೆ ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣ ಆಗುವುದಿಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿ ಬ್ಯಾಕ್ಟೀರಿಯಾ ಬಾಯಿಗೆ ಬಿದ್ದು ಗ್ಯಾಸ್ ಆಗುತ್ತದೆ. ಒಣ ಅವರೆಯಾದರೆ ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿ. ಒಗ್ಗರಣೆಗೆ ಇಂಗು ಹಾಕಿ. ರಾತ್ರಿ ಊಟಕ್ಕಂತೂ ಅವರೆ ಬೇಡ, ಎಷ್ಟೇ ಆಸೆ ಇದ್ದರೂ!

ಇನ್ನೊಬ್ಬ ಸದಸ್ಯೆ: ಮೇಡಂ, ನನಗೆ ನೀವು ಹೇಳಿದ ಎರಡನೇ ಥರ. ಮಲಗಿದರೆ ಗಂಟಲವರೆಗೂ ಹುಳಿ ನೀರು ಬರುತ್ತದೆ. ನಮ್ಮ ಅತ್ತೆ ಅವಿಪತ್ತಿಕರ ಚೂರ್ಣ ತೆಗೆದುಕೋ ಅಂತಾರೆ. ಶುಗರ್ ಇದೆ.

ಉತ್ತರ: ನಿಮ್ಮ ಅತ್ತೆ ಹೇಳಿದ ಚೂರ್ಣ ಆಮ್ಲಪಿತ್ತಕ್ಕೆ, ಅಂದರೆ ಎದೆ ಉರಿ, ಹುಳಿ ತೇಗಿಗೆ ಕೊಡುವಂಥದ್ದೇ. ಆದರೆ ಶಾಸ್ತ್ರದ ಪ್ರಕಾರ ಮಾಡಿದ ಅವಿಪತ್ತಿಕರದಲ್ಲಿ ತೂಕದ ಅರ್ಧ ಭಾಗ ಸಕ್ಕರೆ! ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ತ್ರಿವೃತ್, ಅಂದರೆ ಭೇದಿ ಮಾಡಿಸುವ ಬೇರು. ಶುಗರ್ ಇರುವವರು, ಗರ್ಭಿಣಿಯರು ಸುಮ್ನೆ ಅಂಗಡಿಯಿಂದ ತಂದು ತಿನ್ನುವಂಥದ್ದಲ್ಲ. ಎದೆ ಉರಿಗೆ ಜೇಷ್ಠಮಧು ಚೀಪುವವರೂ ಇದ್ದಾರೆ. ಅದು ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ಮೊದಲು ಮಲಗುವ ಮೂರು ಗಂಟೆ ಮುಂಚೆ ಊಟ ಮುಗಿಸಿ. ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿ, ಎಡಮಗ್ಗುಲಿಗೆ ಮಲಗಿ. ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಪರೀಕ್ಷೆ ಮಾಡಿಸಿ, ಚೂರ್ಣ ಬದಲಾಯಿಸುತ್ತಾ ಕೂರಬೇಡಿ.

ಮತ್ತೊಬ್ಬರು: ಅರಿಶಿನದ ಕ್ಯಾಪ್ಸೂಲ್ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್‌ನಷ್ಟೇ ಕೆಲಸ ಮಾಡುತ್ತದೆ ಅಂತ ಸುದ್ದಿ ಓದಿದ್ದೆ. ನಿಜವಾ?

ಉತ್ತರ: ಅದು ಥಾಯ್ಲೆಂಡಿನ ಅಧ್ಯಯನ, 2023ರಲ್ಲಿ ಪ್ರಕಟವಾಯಿತು. ಅಜೀರ್ಣದ 206 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ (ಅರಿಶಿನದ ಮುಖ್ಯ ಸಾರ), ಒಂದಕ್ಕೆ 20 ಮಿಲಿಗ್ರಾಂ ಒಮೆಪ್ರಜೋಲ್, ಇನ್ನೊಂದಕ್ಕೆ ಎರಡೂ, ಹೀಗೆ 28 ದಿನ ಕೊಟ್ಟರು. ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಥರ ಗುಣ ಬಂತು. ಆದರೆ ಏನೂ ಔಷಧಿ ಇಲ್ಲದ ಬರೀ ಪುಸಲಾವಣೆ ಮಾತ್ರೆ ನುಂಗಿದ ಗುಂಪೇ ಅದರಲ್ಲಿ ಇರಲಿಲ್ಲ. ಅಜೀರ್ಣ ಅನ್ನುವುದು ಅಂಥ ಮಾತ್ರೆಗೂ ಚೆನ್ನಾಗಿ ಬಗ್ಗುವ ಕಾಯಿಲೆ, ಹಾಗಾಗಿ ನನಗೆ ಪೂರ್ತಿ ನಂಬಿಕೆ ಇಲ್ಲ. ಅಡುಗೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇಕಡಾ 3ರ ಆಸುಪಾಸು. ಸಾರಿಗೆ ಹಾಕುವ ಚಿಟಿಕೆಗೂ ಆ ಕ್ಯಾಪ್ಸೂಲಿಗೂ ಸಂಬಂಧವೇ ಇಲ್ಲ. ಮೆಣಸಿನ ಸಾರ ಬೆರೆಸಿದ ಅರಿಶಿನ ಕ್ಯಾಪ್ಸೂಲ್ ನುಂಗಿ ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕದಲ್ಲೂ ಇಟಲಿಯಲ್ಲೂ ವರದಿಯಾಗಿವೆ. ಮೂತ್ರ ಕಡು ಹಳದಿ ಆದರೆ, ಕಣ್ಣು ಹಳದಿ ಆದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮತ್ತೊಬ್ಬರು: ನಮ್ಮ ಕಡೆ ಒಬ್ಬರು ಕಾಗದದ ಪೊಟ್ಟಣದಲ್ಲಿ ಪುಡಿ ಕೊಡುತ್ತಾರೆ. ಒಂದೇ ದಿನಕ್ಕೆ ಆರಾಮ.

ಉತ್ತರ: ಬೇಡ. ಒಂದೇ ದಿನಕ್ಕೆ ಆರಾಮ ಅಂದರೆ ನನಗೆ ಅನುಮಾನ ಜಾಸ್ತಿ. ಲೇಬಲ್ ಇಲ್ಲದ ಪುಡಿಯಲ್ಲಿ ಏನು ಬೆರೆಸಿದ್ದಾರೆ ಅಂತ ಹೇಗೆ ತಿಳಿಯುತ್ತದೆ? 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನ ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತು, ಅವೆಲ್ಲ ಲೇಬಲ್ ಇದ್ದವೇ. ಡಬ್ಬಿಯ ಮೇಲೆ ಆಯುರ್ವೇದ ಔಷಧಿ ಅಂತ, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್, ತಾರೀಖು ಇರಬೇಕು. ಎಫ್‌ಎಸ್‌ಎಸ್‌ಎಐ ನಂಬರ್ ಮಾತ್ರ ಇದ್ದರೆ ಅದು ಆಹಾರದ ಲೆಕ್ಕ. ಸಪ್ಲಿಮೆಂಟ್ ಆದರೆ ಔಷಧಿಯಾಗಿ ಬಳಸಲು ಅಲ್ಲ ಅಂತ ಅದರ ಮೇಲೇ ಅಚ್ಚಾಗಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ.

ಮೊದಲು ಕೇಳಿದವರು: ಧನ್ಯವಾದ ಮೇಡಂ. ಬಿಪಿಗೆ ಆಮ್ಲೋಡಿಪಿನ್ 5. ಬೇರೆ ಏನಿಲ್ಲ. ಸೊಂಟ ನೋವು ಬಂದಾಗ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತೇನೆ, ವಾರಕ್ಕೆ ಎರಡು ಮೂರು. ಅದೂ ಲೆಕ್ಕಕ್ಕಾ?

ಉತ್ತರ: ಅದೇ ಮುಖ್ಯ ಲೆಕ್ಕ ಸ್ವಾಮಿ! ಡೈಕ್ಲೋಫೆನಾಕ್ ಹೊಟ್ಟೆಯ ಒಳಪದರಕ್ಕೆ ಏಟು ಕೊಡುತ್ತದೆ, ಹುಣ್ಣು ಮಾಡಬಹುದು, ಬಿಪಿಯನ್ನೂ ಏರಿಸುತ್ತದೆ. ಅದರ ಮೇಲೆ ಮೆಣಸು ಹಿಪ್ಪಲಿ ಸುರಿಯುವುದು ಬೇಡ. ಚೂರ್ಣದ ಡಬ್ಬಿ ಸದ್ಯಕ್ಕೆ ಪಕ್ಕಕ್ಕಿಡಿ. ಮಾತ್ರೆ ನುಂಗಿದ ದಿನವೇ ಹೊಟ್ಟೆ ಕಾಟ ಕೊಡುತ್ತಿದೆಯಾ ಅಂತ ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತೂಕ ತಾನಾಗಿ ಇಳಿದರೆ, ನುಂಗುವಾಗ ಸಿಕ್ಕಿಕೊಂಡರೆ ಬೇಗ ತೋರಿಸಿ. ಬೆವರಿನ ಜೊತೆ ಎದೆ ಹಿಂಡಿದ ಹಾಗಾದರೆ ಗ್ಯಾಸ್ ಅಂತ ಕೂರದೆ ಇಸಿಜಿ ಮಾಡಿಸಿ, ನಿಮಗೆ ಬಿಪಿ ಇದೆ. ಸೊಂಟಕ್ಕೆ ಆ ಮಾತ್ರೆ ಬರೆದುಕೊಟ್ಟವರು ಯಾರು?

ಮೊದಲು ಕೇಳಿದವರು: ಯಾರೂ ಬರೆದುಕೊಟ್ಟಿಲ್ಲ ಮೇಡಂ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದು.

ಉತ್ತರ: ಹಾಗಾದರೆ ಇವತ್ತಿಗೆ ಅದನ್ನು ನಿಲ್ಲಿಸಿ. ಸೊಂಟವನ್ನು ಈ ವಾರವೇ ಒಬ್ಬ ಡಾಕ್ಟರಿಗೆ ತೋರಿಸಿ, ಹೋಗುವಾಗ ಆಮ್ಲೋಡಿಪಿನ್, ಚೂರ್ಣ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ.